ಗಜೇಂದ್ರಗಡದ ಸೀರೆ, ರೋಣದ ನಕ್ಷತ್ರ

ಡಿಸೆಂಬರ್ ಎರಡನೇ ವಾರದ ಬೆಳಗು. ನರಗುಂದದ ಗುಡ್ಡದ ನೆತ್ತಿಗೆ ಬಿಸಿಲು ಬಿದ್ದಿದ್ದರೂ ಬುಡದ ಓಣಿಗಳಲ್ಲಿ ಇನ್ನೂ ಚಳಿ ಕೂತಿದೆ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಮಫ್ಲರ್ ಸುತ್ತಿಕೊಂಡವರು ಬಸಿ ತುಟಿಗೆ ಹಚ್ಚಿ ನಿಂತಿದ್ದಾರೆ. ಹತ್ತಿ ಅಂಡಿಗೆ ಹೇರಿದ ಟ್ರ್ಯಾಕ್ಟರೊಂದು ಹೆದ್ದಾರಿ ಹಿಡಿದು ಹುಬ್ಬಳ್ಳಿ ಕಡೆಗೆ ಹೊರಟಿದೆ. ಹಗ್ಗ ಬಿಗಿದರೂ ಉಬ್ಬಿ ನಿಂತ ಅಂಡಿಗೆಗಳಿಂದ ಒಂದೊಂದೇ ಬಿಳಿ ಎಳೆ ಹಾರಿ, ರಸ್ತೆ ಬದಿಯ ಜಾಲಿಯ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಅದೇ ರಸ್ತೆಯಲ್ಲಿ ಹುಬ್ಬಳ್ಳಿ ಕಡೆಯಿಂದ ಪಾರ್ಸೆಲ್ ಹೊತ್ತ ಸಣ್ಣ ವ್ಯಾನೊಂದು ಬಂದು ನಿಲ್ಲುತ್ತದೆ. ಹುಡುಗ ಇಳಿದು ರಟ್ಟಿನ ಡಬ್ಬಿಗಳನ್ನೂ ಬೂದು ಬಣ್ಣದ ಪ್ಲಾಸ್ಟಿಕ್ ಚೀಲಗಳನ್ನೂ ಸಾಲಾಗಿ ಇಟ್ಟು ಹೆಸರು ಕೂಗುತ್ತಾನೆ. ಕಾಲೇಜು ಹುಡುಗಿಯೊಬ್ಬಳು ತನ್ನ ಚೀಲವನ್ನು ಅಲ್ಲೇ ಹಲ್ಲಿನಿಂದ ಹರಿದು ನೋಡುತ್ತಾಳೆ. ಕೆಂಪು ಪಾಲಿಯೆಸ್ಟರ್ ಟಾಪು, ಎದೆಯ ಮೇಲೆ ಹಿಮಸಾರಂಗದ ಚಿತ್ರ. ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಮತ್ತೊಂದು ತೆಳು ಹಾಳೆ. ಗಾಳಿಗೆ ಮೂರೂ ಹಾರಿ ಗಟಾರ ಸೇರುತ್ತವೆ.

ಹೋಗುವುದು ಹತ್ತಿ, ಬರುವುದು ಪಾಲಿಯೆಸ್ಟರ್. ಈ ಸೀಮೆಯ ಡಿಸೆಂಬರ್ ವ್ಯಾಪಾರವೆಲ್ಲ ಈ ಒಂದೇ ರಸ್ತೆಯ ಮೇಲೆ ಕಾಣುತ್ತದೆ.

ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡ ಈ ಮೂರೂ ಊರುಗಳಲ್ಲಿ ಕ್ರೈಸ್ತರ ಮನೆಗಳು ಹೆಚ್ಚಿಲ್ಲ. ಆದರೆ ಕ್ರಿಸ್ಮಸ್ ಹೊತ್ತಿನ ಖರೀದಿ ಈಗ ಎಲ್ಲರದೂ ಆಗಿದೆ. ಶಾಲೆಯ ಕಾರ್ಯಕ್ರಮಕ್ಕೆ ಮಗುವಿಗೆ ಸಾಂತಾ ಟೊಪ್ಪಿಗೆ ಬೇಕು. ಡಿಸೆಂಬರ್ 31ರ ರಾತ್ರಿ ಕೇಕ್ ಕತ್ತರಿಸದ ಓಣಿ ಇಲ್ಲ. ಮೊಬೈಲಿನಲ್ಲಿ ವರ್ಷಾಂತ್ಯದ ರಿಯಾಯಿತಿಯ ಗಂಟೆ ಬಾರಿಸುತ್ತಲೇ ಇರುತ್ತದೆ. ಹಬ್ಬದ ಖುಷಿಗೆ ಜಾತಿ ಧರ್ಮದ ಬೇಲಿ ಇಲ್ಲದಿರುವುದು ಒಳ್ಳೆಯದೇ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಈ ಹಬ್ಬಕ್ಕೆ ಬೇಕಾದ ಬಟ್ಟೆ, ದೀಪ, ಉಡುಗೊರೆ, ತಿಂಡಿ ಎಲ್ಲವನ್ನೂ ಮಾಡಬಲ್ಲ ಕೈಗಳು ಈ ಮೂರು ಊರುಗಳ ನಡುವೆಯೇ ಇವೆ. ಒಂದು ದಿನದ ಬಸ್ ಓಡಾಟದಲ್ಲಿ ಆ ಕೈಗಳನ್ನು ಕಣ್ಣಾರೆ ಕಂಡು, ಮಾತಾಡಿಸಿ, ಬೆಲೆ ಕೇಳಿ ಕೊಳ್ಳಬಹುದು. ಆದರೂ ನಾವು ಮುಖ ನೋಡದವರಿಂದ ಕೊಳ್ಳುತ್ತೇವೆ.

ಇಲ್ಲಿನ ಹತ್ತಿಗೆ ಪರದೇಶದ ದಾರಿ ಹೊಸದಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ತೋಟಗಾರರನ್ನು ಧಾರವಾಡ ಸೀಮೆಗೆ ಕರೆಸಿ ಅವರ ಹತ್ತಿ ಬಿತ್ತಿಸಿತು. ‘ಧಾರವಾಡ–ಅಮೆರಿಕನ್’ ಎಂಬ ಹೆಸರಿನಲ್ಲಿ ಅದು ಲ್ಯಾಂಕಾಶೈರಿನ ಗಿರಣಿಗಳ ತನಕ ಹೋಯಿತು. ಜವಾರಿ ಹತ್ತಿ ಕುಮಟಾ ಬಂದರಿನಿಂದ ಹಡಗೇರುತ್ತಿದ್ದರಿಂದ ‘ಕುಮಟಾ’ ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದಾಗ ಇಲ್ಲಿನ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು, ಯುದ್ಧ ಮುಗಿದಾಗ ಕುಸಿಯಿತು. 1880ರ ದಶಕದಲ್ಲಿ ಗದಗ–ಹೊಟಗಿ ರೈಲು ದಾರಿ ಬಂದ ಮೇಲೆ ಹೊಳೆಆಲೂರು, ಮಲ್ಲಾಪುರದಂಥ ಸಣ್ಣ ಸ್ಟೇಷನ್ನುಗಳಿಗೂ ದೂರದ ಪೇಟೆ ಹತ್ತಿರವಾಯಿತು. ನಮ್ಮ ಹೊಲದ ಬೆಳೆಯ ಬೆಲೆ ನಮಗೆ ಕಾಣದ ಊರಿನಲ್ಲಿ ನಿಗದಿಯಾಗುವುದು ಆಗಿನಿಂದ ಬಂದ ಪಾಡು.

ನರಗುಂದದಲ್ಲಿ ನೀರಿನ ಮಾತೆತ್ತಿದರೆ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಈ ಸೀಮೆಯಲ್ಲಿ ಗುಂಡು ಹಾರಿತು. 2015ರ ಜುಲೈನಲ್ಲಿ ಮಹದಾಯಿ ನದಿಯ ನೀರಿಗಾಗಿ ಶುರುವಾದ ಧರಣಿ ಇದೇ ಊರಿನ ನಡುವೆ ವರ್ಷಗಟ್ಟಲೆ ನಡೆಯಿತು. ಬಟ್ಟೆಗೂ ನೀರಿನ ಲೆಕ್ಕವಿದೆ: ಒಂದು ಹತ್ತಿ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಇರುತ್ತದೆಂದು ಜಗತ್ತಿನಲ್ಲಿ ಚಾಲ್ತಿಯಲ್ಲಿರುವ ಒಂದು ಅಂದಾಜು. ಬೆಳೆಯುವ ನೆಲ, ಹವೆ ನೋಡಿಕೊಂಡು ಈ ಲೆಕ್ಕ ಹೆಚ್ಚು ಕಡಿಮೆ ಆಗುತ್ತದೆ. ಮಳೆ ಮತ್ತು ಎರೆಮಣ್ಣಿನ ಹಸಿಯನ್ನೇ ನಂಬಿ ಬೆಳೆಯುವ ನಮ್ಮ ಜಯಧರ ತಳಿಯ ಹತ್ತಿಗೆ ಕಾಲುವೆ ನೀರೇ ಬೇಡ. ಆದರೂ ನೀರಿಗಾಗಿ ಬೀದಿಯಲ್ಲಿ ಕೂತ ಊರಿನವರು ನಾಲ್ಕು ಸಲ ಉಟ್ಟು ಮೂಲೆಗೆ ಎಸೆಯುವ ಬಟ್ಟೆ ಕೊಳ್ಳುವಾಗ ಆ ಅಂದಾಜನ್ನು ಒಮ್ಮೆ ನೆನೆಯಬೇಕು.

ನರಗುಂದದ ಹಳೆಯ ಓಣಿಗಳ ನೆಲದಡಿ ಹಗೇವುಗಳಿವೆ. ಜೋಳದ ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಬರಗಾಲಕ್ಕೆಂದು ಕಾಪಿಟ್ಟ ನೆಲದಡಿಯ ಕಣಜಗಳು ಅವು. ಕಾಲುವೆ ಬಂದು ಅಂತರ್ಜಲ ಏರಿದ ಮೇಲೆ ಮರೆತುಹೋದ ಹಗೇವುಗಳ ಗೋಡೆ ಕರಗಿ, ಮನೆಯಂಗಳ, ರಸ್ತೆ ಕುಸಿದ ಸುದ್ದಿ ಆಗಾಗ ಬರುತ್ತಿರುತ್ತದೆ. ಕುಸಿತ ದೊಡ್ಡ ಸಂಕಟ, ಅದಕ್ಕೆ ಸರಕಾರದಿಂದ ಪರಿಹಾರ ಬೇಕೇ ಬೇಕು. ಹಗೇವು ತೋಡಿದ ಹಿರಿಯರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರ ಒಂದು ರೂಢಿ: ಪೇಟೆಗೆ ಹೋಗುವ ಮೊದಲು ಮನೆಯಲ್ಲಿ ಏನಿದೆ ಎಂದು ನೋಡುತ್ತಿದ್ದರು. ಹಬ್ಬದ ಖರೀದಿಯ ಮೊದಲ ಕೆಲಸ ಟ್ರಂಕು ತೆಗೆಯುವುದು, ಕಪಾಟು ತಡಕುವುದು.

ನರಗುಂದದಿಂದ ರೋಣದ ಬಸ್ಸು ಹಿಡಿದರೆ ಕಿಟಕಿಯ ಎರಡೂ ಬದಿಗೆ ಹಿಂಗಾರಿ ಬೆಳೆ. ಬಿಳಿಜೋಳ ಹೊಡೆಗೆ ಬಂದಿದೆ. ಕಡಲೆ ಹೊಲದಲ್ಲಿ ಸಣ್ಣ ನೇರಳೆ ಹೂ, ಅಲ್ಲಲ್ಲಿ ಸುಲಗಾಯಿ ಕಟ್ಟುತ್ತಿದೆ. ಕುಸುಬಿಯ ಸಾಲಿನಾಚೆ ಹೆಣ್ಣುಮಕ್ಕಳು ಮಡಿಲು ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದಾರೆ. ಇನ್ನು ಕೆಲವೇ ದಿನಕ್ಕೆ ಎಳ್ಳಮಾವಾಸ್ಯೆ, ಹೊಲಕ್ಕೆ ಚರಗ ಚೆಲ್ಲುವ ಹಬ್ಬ. ಎಳ್ಳಮಾವಾಸ್ಯೆಯೂ ಕ್ರಿಸ್ಮಸ್ಸೂ ಬೆನ್ನಿಗೆ ಬೆನ್ನು ಹಚ್ಚಿ ಬರುವ ಕಾಲವಿದು.

ರೋಣದ ಬಜಾರಿನಲ್ಲಿ ಫ್ಯಾನ್ಸಿ ಅಂಗಡಿಗಳ ಮುಂದೆ ನಕ್ಷತ್ರಗಳು ತೂಗುತ್ತಿವೆ. ಮಡಚಿದರೆ ಚಪ್ಪಟೆಯಾಗುವ, ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ ನಕ್ಷತ್ರಗಳು. ಪಕ್ಕದಲ್ಲಿ ಹಿಮದ ಉಂಡೆಯಂಥ ಥರ್ಮಾಕೋಲ್ ಚೆಂಡುಗಳು. ಅಲಂಕಾರದ ಥರ್ಮಾಕೋಲ್ ಮಾರುವುದೇ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಸಿಹಿ ಡಬ್ಬಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ಚಮಚ, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಇವೂ ಅದೇ ಪಟ್ಟಿಯಲ್ಲಿವೆ. 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಕ್ಕೆ ಅದೇ ವರ್ಷದ ಡಿಸೆಂಬರ್ 31ರಿಂದ ಅವಕಾಶ ಇಲ್ಲ. ನಮ್ಮ ರಾಜ್ಯವಂತೂ 2016ರಲ್ಲೇ ಪ್ಲಾಸ್ಟಿಕ್ ನಿಷೇಧದ ಆದೇಶ ಹೊರಡಿಸಿತ್ತು. ಆದೇಶಗಳು ಕಾಗದದ ಮೇಲಿವೆ, ಥರ್ಮಾಕೋಲ್ ಅಂಗಡಿಯಲ್ಲಿದೆ. ಕೊಳ್ಳುವವರು ಬೇಡ ಎಂದ ದಿನ ಅಂಗಡಿಯವರು ತರಿಸುವುದನ್ನು ನಿಲ್ಲಿಸುತ್ತಾರೆ.

ಬಜಾರಿನ ಗದ್ದಲ ದಾಟಿ ಒಳಗಿನ ಓಣಿಗೆ ಹೊಕ್ಕರೆ ಮೇದಾರರ ಅಂಗಳ. ಬುಟ್ಟಿ, ಕೇರುವ ಮೊರ ಒಂದರ ಮೇಲೊಂದು ಕೂತಿವೆ. ಅಜ್ಜನೊಬ್ಬ ಕಾಲ್ಬೆರಳಿನಿಂದ ಬಿದಿರನ್ನು ಒತ್ತಿ ಹಿಡಿದು ಮಚ್ಚಿನಿಂದ ಸೀಳುತ್ತಿದ್ದಾನೆ. ಹಸಿರು ಹೊರಮೈ ಒಂದು ಕಡೆ, ಬೆಳ್ಳಗಿನ ಒಳಮೈ ಇನ್ನೊಂದು ಕಡೆ ಬೀಳುತ್ತದೆ.

“ಯಜ್ಜಾ, ನಕ್ಷತ್ರ ಮಾಡಿಕೊಡ್ತಿ ಏನು?”

“ಚಿಕ್ಕಿ ಏನವಾ? ಯಾಕ ಆಗೂದಿಲ್ಲ? ಎಷ್ಟು ದೊಡ್ಡದು ಬೇಕು ಹೇಳು.”

ಅವನ ಕೈ ಆಗಲೇ ಕೆಲಸಕ್ಕೆ ಹತ್ತಿದೆ. ಬೆರಳಗಲದ ಹತ್ತು ಸೀಳು, ಎಲ್ಲವೂ ಒಂದೇ ಉದ್ದ. ಐದು ಸೀಳನ್ನು ಒಂದರ ಮೇಲೊಂದು ಹಾಯಿಸಿ ಐದು ಮೂಲೆಯಲ್ಲಿ ದಾರ ಬಿಗಿದರೆ ಒಂದು ಚಿಕ್ಕಿ, ಉಳಿದ ಐದರಿಂದ ಇನ್ನೊಂದು. ಎರಡನ್ನೂ ಎದುರು ಬದುರು ಇಟ್ಟು ಐದೂ ತುದಿ ಕಟ್ಟುತ್ತಾನೆ. ಈಗ ಒಳಗೆ ಕಡ್ಡಿಗಳು ಹಾಯುವ ಐದು ಕಡೆ ಗೇಣಿಗಿಂತ ಚಿಕ್ಕದಾದ ಐದು ತುಂಡು ನಿಲ್ಲಿಸಿ ಒತ್ತುತ್ತಾನೆ. ಚಪ್ಪಟೆ ಚಿಕ್ಕಿ ಒಮ್ಮೆಲೇ ಉಬ್ಬಿ ನಿಲ್ಲುತ್ತದೆ, ನಡುವೆ ಬಲ್ಬು ತೂಗುವಷ್ಟು ಜಾಗ ಬಿಡುತ್ತದೆ. ಇಷ್ಟಾದ ಮೇಲೆ ಮೈದಾ ಹಿಟ್ಟಿನ ಅಂಟು ಕಾಯಿಸಿ ಪತಂಗದ ಬಣ್ಣದ ಹಾಳೆ ಹಚ್ಚುವುದು ಮನೆಯ ಮಕ್ಕಳ ಕೆಲಸ. ಒಂದು ತುದಿಯ ಹಾಳೆಯನ್ನು ಹಚ್ಚದೆ ಬಿಡಬೇಕು, ಬಲ್ಬು ಇಳಿಸಲು. ಹಳೆಯ ಕಾಲದ ಬಿಸಿಯಾಗುವ ಬಲ್ಬು ಬೇಡ, ಸಣ್ಣ ಎಲ್ಇಡಿ ಸಾಕು. ಹಬ್ಬ ಮುಗಿದ ಮೇಲೆ ಹಾಳೆ ಹರಿದು ಚೌಕಟ್ಟನ್ನು ಅಟ್ಟದ ಮೇಲಿಟ್ಟರೆ ಮುಂದಿನ ವರ್ಷಕ್ಕೆ ಹಾಳೆಯದಷ್ಟೇ ಖರ್ಚು. ಈ ಅಜ್ಜನಿಗೆ ವರ್ಷದಲ್ಲಿ ಕೆಲಸ ಬರುವುದು ರಾಶಿಯ ಹೊತ್ತಿಗೆ, ಮದುವೆಯ ಹೊತ್ತಿಗೆ. ಡಿಸೆಂಬರಿನಲ್ಲಿ ಊರಿನ ಒಂದಿಷ್ಟು ಮನೆಗಳು ಚಿಕ್ಕಿ ಮಾಡಿಸಿದರೆ ಅವನಿಗೆ ಇನ್ನೊಂದು ಸುಗ್ಗಿ.

ಗೋದಲಿಯ ಅಲಂಕಾರಕ್ಕೂ ಪೇಟೆಯ ಗೊಂಬೆ ಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಎತ್ತು ಮಾಡುವ ಮಕ್ಕಳು ಈ ಸೀಮೆಯ ಮನೆ ಮನೆಯಲ್ಲಿದ್ದಾರೆ. ಅದೇ ಮಣ್ಣು, ಅದೇ ಬೆರಳು. ಬೇತ್ಲೆಹೇಮಿನ ಆಕಳು, ಕತ್ತೆ, ಕುರಿ ಮಾಡಲು ಹೊಸದಾಗಿ ಏನೂ ಕಲಿಯಬೇಕಿಲ್ಲ. ಮೇಲಿಷ್ಟು ಜೋಳದ ಕಣಿಕೆ ಹೊದಿಸಿದರೆ ಕೊಟ್ಟಿಗೆ ಸಿದ್ಧ. ಬಣ್ಣದ ಗೊಂಬೆಯೇ ಬೇಕೆನ್ನುವವರಿಗೆ ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಕಟ್ಟಿಗೆಯಲ್ಲಿ ಕಡೆದು, ಹುಣಸೆ ಬೀಜದ ಅಂಟು ಬಳಸಿ ಮಾಡುವ ಗೊಂಬೆಗಳಿವೆ. ಮೊಮ್ಮಕ್ಕಳ ಕಾಲಕ್ಕೂ ಉಳಿಯುವ ಗೊಂಬೆಗಳವು.

ಅದೇ ಓಣಿಯ ತಿರುವಿನಲ್ಲಿ, ಬಿಸಿಲು ಬೀಳುವ ಕಟ್ಟೆಯ ಮೇಲೆ, ಇಬ್ಬರು ಹೆಣ್ಣುಮಕ್ಕಳು ಕೌದಿ ಹೊಲಿಯುತ್ತಿದ್ದಾರೆ. ಅಡಿಯಲ್ಲಿ ಹಳೆಯ ಇಳಕಲ್ ಸೀರೆ, ಮೇಲೆ ಮಗಳ ಲಂಗ, ಗಂಡನ ಧೋತರ, ಯಾರದೋ ಕುಬಸದ ಖಣದ ತುಂಡು. ಅಂಚಿನಿಂದ ಒಳಮುಖವಾಗಿ ಬಿಳಿ ದಾರದ ಹೊಲಿಗೆ ಸಾಲು ಸಾಲಾಗಿ ಸುತ್ತಿಬರುತ್ತದೆ. ಬಟ್ಟೆ ತಂದುಕೊಟ್ಟರೆ ಇವರು ಕೂಲಿಗೆ ಹೊಲಿದು ಕೊಡುತ್ತಾರೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಗನಿಗೆ ಹಬ್ಬದ ಉಡುಗೊರೆ ಏನು ಕಳಿಸಲಿ ಎಂದು ಯೋಚಿಸುವ ತಾಯಿ ತನ್ನ ಹಳೆಯ ಸೀರೆಗಳ ಕೌದಿ ಕಳಿಸಲಿ. ಡಿಸೆಂಬರಿನ ಚಳಿಗೆ ಅದಕ್ಕಿಂತ ಬೆಚ್ಚಗಿನದು ಅಂಗಡಿಯಲ್ಲಿ ಸಿಗದು. ಹೊಸದಾಗಿ ಒಂದು ಎಳೆ ಹತ್ತಿಯನ್ನೂ ಬೇಡದ, ಒಬ್ಬ ಹೆಣ್ಣುಮಗಳಿಗೆ ವಾರದ ಕೂಲಿ ಕೊಡುವ ಇಂಥ ಉಡುಗೊರೆ ಬೇರೆ ಯಾವುದಿದೆ?

ರೋಣದಿಂದ ಗಜೇಂದ್ರಗಡಕ್ಕೆ ಹೊರಟರೆ ಬಯಲು ಮುಗಿದು ಗುಡ್ಡದ ಸಾಲು ಎದುರಾಗುತ್ತದೆ. ಗುಡ್ಡದ ಬೆನ್ನ ಮೇಲೆ ಪವನಯಂತ್ರಗಳ ಬಿಳಿ ರೆಕ್ಕೆಗಳು ನಿಧಾನವಾಗಿ ತಿರುಗುತ್ತವೆ. ಒಂದೆಡೆ ಕೋಟೆ, ಇನ್ನೊಂದೆಡೆ ಬಂಡೆಯ ಮಡಿಲಲ್ಲಿ ಕಾಲಕಾಲೇಶ್ವರನ ಗುಡಿ. ಊರೊಳಗೆ ಕಾಲಿಟ್ಟರೆ ನೇಕಾರರ ಓಣಿ. ಮೊದಲು ಕಿವಿಗೆ ಬೀಳುವುದು ವಿದ್ಯುತ್ ಮಗ್ಗಗಳ ಬಿಡುವಿಲ್ಲದ ಗದ್ದಲ. ಅದನ್ನು ದಾಟಿ ಕಿವಿಗೊಟ್ಟರೆ ಅಪರೂಪಕ್ಕೊಂದು ಮನೆಯಿಂದ ಕೈಮಗ್ಗದ ಸದ್ದು: ಲಾಳಿ ಹಾಯುತ್ತದೆ, ಹಣಿಗೆ ಬಡಿಯುತ್ತದೆ, ಒಂದು ಗಳಿಗೆ ಬಿಡುವು, ಮತ್ತೆ ಲಾಳಿ.

ಒಳಗೆ ಕುಣಿಮಗ್ಗ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರಣ್ಣನ ಎದುರು ಸಾಸಿವೆ ಬಣ್ಣದ ಹಾಸು ಬಿಗಿದು ನಿಂತಿದೆ. ಗೋಡೆಯ ಹತ್ತಿರ ಅವನ ಹೆಂಡತಿ ರಾಟೆ ತಿರುಗಿಸುತ್ತ ಕಂಡಿಕೆ ಸುತ್ತುತ್ತಾಳೆ. ನೇಯುತ್ತಿರುವುದು ಪಟ್ಟೇದಂಚು ಸೀರೆ, ಈ ಊರಿನದೇ ಹಳೆಯ ನೇಯ್ಗೆ. ಮೈತುಂಬ ಚೌಕಡಿ, ಎರಡೂ ಕಡೆ ಒಂದೇ ಗಟ್ಟಿ ಬಣ್ಣದ ಅಗಲ ಅಂಚು. ಜರಿಯಿಲ್ಲ, ಹೂಬಳ್ಳಿಯಿಲ್ಲ. ದುಡಿಯುವ ಹೆಣ್ಣುಮಕ್ಕಳು ದಿನವೂ ಉಟ್ಟು ಒಗೆದು ಮತ್ತೆ ಉಡುತ್ತಿದ್ದ ದಪ್ಪ ಹತ್ತಿಯ ಸೀರೆ. ಸವದತ್ತಿ ಎಲ್ಲಮ್ಮನಿಗೂ ಏರಿಸುತ್ತಿದ್ದರು. ಒಳಗು ಹೊರಗು ಒಂದೇ ಇರುವುದರಿಂದ ಎರಡೂ ಮಗ್ಗುಲು ಉಡಬಹುದು, ಹಾಗಾಗಿ ಬಾಳಿಕೆಯೂ ಹೆಚ್ಚು. ಅಗ್ಗದ ಗಿರಣಿ ಸೀರೆ, ನೈಲಾನು ಬಂದ ಮೇಲೆ ಇದು ಮಗ್ಗದಿಂದಲೇ ಇಳಿದುಹೋಗಿತ್ತು. ಜವಳಿ ಸಂಶೋಧಕಿ ಹೇಮಲತಾ ಜೈನ್ ಅವರ ಪುನರ್ಜೀವನ ಸಂಸ್ಥೆ ಹಳೆಯ ಸೀರೆ ಹುಡುಕಿ, ನೇಕಾರರನ್ನು ಒಪ್ಪಿಸಿ, ಮತ್ತೆ ಮಗ್ಗಕ್ಕೇರಿಸಿತು. ಇವತ್ತು ದೂರದ ನಗರಗಳ ಹೆಣ್ಣುಮಕ್ಕಳು ಇದನ್ನು ಕೇಳಿ ತರಿಸಿಕೊಳ್ಳುತ್ತಾರೆ. ಸುತ್ತಲಿನ ನಮ್ಮೂರುಗಳಲ್ಲೇ ಇದರ ಹೆಸರು ಗೊತ್ತಿಲ್ಲದವರು ಬಹಳ.

“ಒಂದು ಸೀರಿಗೆ ಎಷ್ಟು ದಿನ ಹಿಡೀತದ ಅಣ್ಣಾರ?”

“ಎರಡ್ಮೂರು ದಿನ ಬೇಕರಿ. ಹಾಸು ಹೂಡೋದು, ಗಂಜಿ ಹಚ್ಚೋದು ಬ್ಯಾರೆ. ಇಕಿ ಕಂಡಿಕಿ ಸುತ್ತದಿದ್ರ ಅದೂ ಆಗೂದಿಲ್ರಿ.”

ಆತ ಮಡಚಿಟ್ಟ ಸೀರೆಯೊಂದನ್ನು ಬಿಚ್ಚಿ ಅಂಚನ್ನು ಬೆಳಕಿಗೆ ಹಿಡಿದ. ಅಂಚಿನುದ್ದಕ್ಕೂ ಸೂಜಿಯಿಂದ ಚುಚ್ಚಿದಷ್ಟು ಸಣ್ಣ ತೂತುಗಳು. ನೇಯುವಾಗ ಬಟ್ಟೆ ಕುಗ್ಗದಂತೆ ಅಡ್ಡಲಾಗಿ ಎಳೆದು ಹಿಡಿಯುವ ಕಡ್ಡಿಯ ಮುಳ್ಳುಗಳ ಗುರುತು ಅದು. ಅಂಚು ಗೆರೆ ಎಳೆದಷ್ಟು ನೇರ ಇರುವುದಿಲ್ಲ, ಅಲ್ಲಲ್ಲಿ ಕೂದಲೆಳೆಯಷ್ಟು ಏರಿಳಿತ. ಕೈಮಗ್ಗದ್ದೆಂದು ಹೇಳಿ ವಿದ್ಯುತ್ ಮಗ್ಗದ ಸೀರೆ ಮಾರುವವರು ಇರುವುದರಿಂದ ಕೊಳ್ಳುವವರು ಇಷ್ಟನ್ನಾದರೂ ನೋಡಿಕೊಳ್ಳಬೇಕು. ಕೈಮಗ್ಗದ ಮುದ್ರೆಯ ಚೀಟಿ ಇದೆಯೇ, ಬಣ್ಣ ಹೋಗುತ್ತದೆಯೇ ಎಂದು ಕೇಳಬೇಕು. ಕೇಳಿದರೆ ನೇಕಾರರಿಗೆ ಬೇಸರವಿಲ್ಲ. ಅವರು ಕಾಯುವುದೇ ಅಂಥ ಗಿರಾಕಿಗಾಗಿ.

ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಈ ಮಗ್ಗದ ನೂಲು ಬರುವುದು ಗಿರಣಿಯಿಂದ. ನರಗುಂದದ ಅಂಡಿಗೆ ಎಲ್ಲೋ ನೂಲಾಗಿ, ಎಲ್ಲೋ ಬಣ್ಣ ಕುಡಿದು, ಯಾರ ಮೂಲಕವೋ ಬೇರೆ ಮಗ್ಗ ತಲುಪುತ್ತದೆ. ಹೊಲದಿಂದ ಮಗ್ಗಕ್ಕೆ ನೇರ ದಾರಿ ಇನ್ನೂ ಆಗಬೇಕು. ಕೊಳ್ಳುವವರು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ಬೆಂಗೇರಿ ಸಾಕ್ಷಿ. ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೆಣ್ಣುಮಕ್ಕಳು ರಾಷ್ಟ್ರಧ್ವಜ ಹೊಲಿಯುತ್ತಾರೆ. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಬಂದ ತಿದ್ದುಪಡಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟಿತು. ಅಗ್ಗದ ಧ್ವಜ ದೇಶ ತುಂಬಿತು, ಖಾದಿ ಧ್ವಜದ ಬೇಡಿಕೆ ಬಿತ್ತು, ನೂಲುವ ನೇಯುವ ಕೈಗಳಿಗೆ ಕೆಲಸ ಕಡಿಮೆಯಾಯಿತು.

ಕ್ರಿಸ್ಮಸ್ಸಿಗೂ ಮಗ್ಗಕ್ಕೂ ಈ ಸೀಮೆಯಲ್ಲಿ ಹಳೆಯ ನಂಟಿದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1841ರಲ್ಲಿ ಬೆಟಗೇರಿಯಲ್ಲಿ, 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆ ಊರಿದರು. ಎರಡೂ ನೇಕಾರರ ಊರು. ಇಂದಿಗೂ ಬೆಟಗೇರಿಯ ಚರ್ಚಿಗೆ ಡಿಸೆಂಬರ್ 25ರ ಬೆಳಗಿನ ಆರಾಧನೆಗೆ ಹೋಗುವವರು ಹೊಸ ಬಟ್ಟೆ ಉಟ್ಟೇ ಹೋಗುತ್ತಾರೆ. ಆ ಹೊಸ ಬಟ್ಟೆಯ ಆಸೆಯನ್ನು ಆಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಕೂಲಿಯ ಮನೆಯವರು ಸಂತೆಯಲ್ಲಿ ಕೈಗೆಟುಕುವ ಬೆಲೆಗೆ ಮಗುವಿಗೆ ಅಂಗಿ ಕೊಂಡರೆ ಅದು ಅವರ ಹಬ್ಬ, ಅವರ ಸಂತೋಷ. ನಾನು ಕೇಳಿಕೊಳ್ಳುವುದು ಸಂಬಳದವರನ್ನು, ಅಂಗಡಿ ಇಟ್ಟವರನ್ನು, ನಾಲ್ಕು ಜೊತೆ ಕೊಳ್ಳಬಲ್ಲವರನ್ನು. ನಾಲ್ಕರ ಬದಲು ಒಂದನ್ನು ಮಗ್ಗದಿಂದ ಕೊಳ್ಳಿ. ಖರ್ಚು ಅಷ್ಟೇ ಆಗುತ್ತದೆ, ಬಟ್ಟೆ ಹತ್ತು ವರ್ಷ ಬಾಳುತ್ತದೆ, ಆಮೇಲೆ ಕೌದಿಯಾಗುತ್ತದೆ.

ತಿಂಡಿಯ ಮಾತು ಸುಲಭ. ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ, ಶೇಂಗಾದುಂಡಿ ಯಾವುದಕ್ಕೂ ಪ್ಲಾಸ್ಟಿಕ್ ಬೇಡ. ಹೊಸ ಶೇಂಗಾ ಈಗಷ್ಟೇ ಮನೆಗೆ ಬಂದಿರುತ್ತದೆ. ನೆರೆಮನೆಗೆ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟರೆ ಡಬ್ಬಿ ತಿರುಗಿ ಬರುವಾಗ ಬರಿದಾಗಿ ಬರುವುದಿಲ್ಲ. ಬೇಕರಿಗೂ ಡಬ್ಬಿ ಒಯ್ದು ಕೇಕ್ ಹಾಕಿಸಿಕೊಳ್ಳಬಹುದು. ದೂರದ ಗೆಳೆಯರಿಗೆ ಕಳಿಸಲು ಸಿರಿಧಾನ್ಯವಿದೆ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಸಿರಿಧಾನ್ಯದ ಬೀಜ ಉಳಿಸಿ, ಬೆಳೆಸಿ, ಮಾರಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಇಕ್ವೇಟರ್ ಪ್ರಶಸ್ತಿ ಪಡೆಯಿತು. ಅಂಥ ಹೆಣ್ಣುಮಕ್ಕಳ ಕೈಯ ನವಣೆ, ಸಾವೆ ಹಬ್ಬದ ಉಡುಗೊರೆಯಾಗಲು ಏನು ಕಡಿಮೆ?

ಹೊರಡುವಾಗ ಗಜೇಂದ್ರಗಡದ ನೇಕಾರಣ್ಣ ಒಂದು ಮಾತು ಹೇಳಿದ: “ಹಬ್ಬ ಎಂಟ ದಿನ ಅದ ಅನ್ನುವಾಗ ಬಂದು ಹತ್ತು ಸೀರಿ ಕೊಡ್ರಿ ಅಂದ್ರ ಎಲ್ಲಿಂದ ಕೊಡೂದ್ರಿ? ಮೊದಲ ಹೇಳಿದ್ರ ಮಗ್ಗ ಖಾಲಿ ಇರೂದಿಲ್ಲ, ನಿಮಗೂ ಬೇಕಾದ ಬಣ್ಣ ಸಿಗ್ತದ.” ಮಗ್ಗದ ಬಟ್ಟೆಗೆ ಕಾಲ ಬೇಕು. ಈ ವರ್ಷ ತಡವಾಗಿದ್ದರೆ ರೋಣದ ಅಜ್ಜನಿಂದ ಒಂದು ಬಿದಿರಿನ ಚಿಕ್ಕಿ ಮಾಡಿಸಿ, ಮನೆಯ ಹಳೆಯ ಸೀರೆಗಳನ್ನು ಕೌದಿಗೆ ಕೊಡಿ. ಬರುವ ವರ್ಷ ದೀಪಾವಳಿ ಮುಗಿದ ಮರುವಾರವೇ ಗಜೇಂದ್ರಗಡದ ಬಸ್ ಹತ್ತಿ, ಬಣ್ಣ ಹೇಳಿ, ಮುಂಗಡ ಕೊಟ್ಟು ಬನ್ನಿ. ಕ್ರಿಸ್ಮಸ್ ಹೊತ್ತಿಗೆ ಸೀರೆ ಸಿದ್ಧವಾಗಿರುತ್ತದೆ.